ಗಿರಣಿ ಹಗ್ಗ

ನಮ್ಮ ಹಿತ್ತಿಲಲ್ಲಿ ಅರಿವೆ ಒಣಹಾಕಲು ಕಟ್ಟಿರುವ ತಂತಿ ಪೇಟೆಯಿಂದ ತಂದದ್ದಲ್ಲ. ಅದು ನಮ್ಮ ಹಳೆಯ ಕಾರಿನ ಗೇರ್ ಕೇಬಲ್ಲಿನ ಒಳಗಿನ ತಂತಿ. ಎರಡು ಕೇಬಲ್ಲುಗಳ ತಂತಿಯನ್ನು ಗಂಟು ಹಾಕಿ, ನುಗ್ಗೆ ಗಿಡದಿಂದ ಬಚ್ಚಲ ಗೋಡೆಯ ಮೊಳೆಯವರೆಗೆ ಬಿಗಿದಿದ್ದೇನೆ. ನನ್ನ ಹೆಂಡತಿ ಶಾಂತಾ ನೆರೆಯವರಿಗೆ ಅದನ್ನು ತೋರಿಸಿ, "ಇವರ ಕಾರು ಮನಿ ಕೆಲಸಕ್ಕ ಬಂದದ್ದು ಇದೊಂದರಾಗ ನೋಡ್ರಿ," ಎನ್ನುತ್ತಾಳೆ. ಅವಳ ಮಾತನ್ನು ನಾನು ಇದುವರೆಗೆ ಅಲ್ಲಗಳೆದಿಲ್ಲ.

ಮೊನ್ನೆ ಒದ್ದೆ ಚಾದರದ ಭಾರಕ್ಕೆ ಗಂಟು ಬಿಚ್ಚಿಕೊಂಡಿತು. ಮತ್ತೆ ಕಟ್ಟೋಣವೆಂದು ತಂತಿಯ ತುದಿ ಹಿಡಿದರೆ, ಅದಕ್ಕೆ ಅಂಟಿಕೊಂಡಿದ್ದ ಕರಗಿದ ಪ್ಲಾಸ್ಟಿಕ್ಕಿನ ಕಪ್ಪು ಗಂಟೊಂದು ಬೆರಳಿಗೆ ತಾಕಿತು. ಕಟ್ಟುವ ಕೆಲಸ ಅಲ್ಲಿಗೇ ನಿಂತಿತು. ಚಾದರ ಆ ದಿನ ಕಟ್ಟೆಯ ಮೇಲೆ ಒಣಗಿತು. ನಾನು ನುಗ್ಗೆ ಗಿಡದ ಬುಡದಲ್ಲಿ ಕುಳಿತುಬಿಟ್ಟೆ.

ಕಾರು ನನ್ನ ಅಪ್ಪನದು. ಅಪ್ಪ ಮೂಡಲಗಿಯಲ್ಲಿ ಡಾಕ್ಟರ್ ಆಗಿದ್ದರು. ಸುತ್ತಲಿನ ಹಳ್ಳಿಗಳಿಂದ ಕರೆ ಬಂದರೆ ಔಷಧದ ಚೀಲವನ್ನು ಮುಂದಿನ ಸೀಟಿನಲ್ಲಿಟ್ಟು, ಚೀಲ ಉರುಳದಂತೆ ಹಿಡಿಯಲು ನನ್ನನ್ನೂ ಕೂರಿಸಿಕೊಂಡು ಹೊರಡುತ್ತಿದ್ದರು. ಬಿಸಿಲಿಗೆ ಕಾದ ರೆಕ್ಸಿನ್ ಸೀಟು ತೊಡೆಗೆ ಚುರುಗುಟ್ಟುತ್ತಿತ್ತು. ಪೆಟ್ರೋಲು, ಸ್ಪಿರಿಟ್ಟು, ಅಪ್ಪನ ನಶ್ಯ ಮೂರೂ ಕೂಡಿದ ವಾಸನೆಯೊಂದು ಆ ಕಾರಿನಲ್ಲಿ ಕಾಯಂ ಇರುತ್ತಿತ್ತು. ಮೇಲವಂಕಿಗೆ ಹೋದರೆ ವಾಪಸು ಬರುವಾಗ ಡಿಕ್ಕಿಯಲ್ಲಿ ಬದನೆಕಾಯಿಯೋ ಎಳೆ ಮೆಕ್ಕೆತೆನೆಯೋ ಇರಲೇಬೇಕು. ಗೇರಿನ ಹಿಡಿ ಆಗ ಸ್ಟಿಯರಿಂಗಿನ ಬಾಜೂ ಇರುತ್ತಿತ್ತು. ಅಪ್ಪ ಅದನ್ನು ರೋಗಿಯ ನಾಡಿ ಹಿಡಿದಷ್ಟೇ ಹಗುರವಾಗಿ ಹಿಡಿದು ಬದಲಿಸುತ್ತಿದ್ದರು. ನನಗೆ ಅವರ ಕೈಯ ಗುಣ ಬರಲಿಲ್ಲ, ಕಾರು ಮಾತ್ರ ಬಂತು.

ನಾನು ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರನಾದೆ. ಅಪ್ಪ ತೀರಿಕೊಂಡ ಮೇಲೆ ಕಾರಿನ ಇಂಜಿನ್ನೂ ಹೆಚ್ಚು ದಿನ ಬಾಳಲಿಲ್ಲ. ಮಾರಿಬಿಡು ಎಂದರು ಎಲ್ಲರೂ. ಮಾರಲು ಮನಸ್ಸಾಗದೆ ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ ಮೌಲಾಸಾಬ ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಿಲ್ಲಿಸಿದೆ.

ಮೌಲಾಸಾಬ ನನ್ನ ವಾರಿಗೆಯವರೇ. ತೆಳ್ಳಗಿನ ಆಳು, ದಪ್ಪ ಮೀಸೆ. ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮನೆ ಗ್ಯಾರೇಜಿನ ಹಿಂದೆಯೇ. ಹೆಂಡತಿ ಹುಸೇನಬಿ, ಒಬ್ಬಳೇ ಮಗಳು ಶಮೀಮ. ಅವರು ಕಾರನ್ನು ಮೂರು ದಿನ ನೋಡಿ, ಹಳೆಯ ವ್ಯಾನೊಂದರ ಡೀಸೆಲ್ ಇಂಜಿನ್ನನ್ನೂ ಅದರದೇ ಗೇರ್ ಬಾಕ್ಸನ್ನೂ ತಂದು ಕೂರಿಸಿದರು. ಅಪ್ಪನ ಕಾಲದ ಗೇರ್ ಹಿಡಿಯನ್ನು ಮಾತ್ರ ಬದಲಿಸಬಾರದೆಂದು ನಾನು ಹಟ ಹಿಡಿದೆ. ಅದಕ್ಕಾಗಿ ಅವರು ವ್ಯಾನಿನ ಎರಡು ಉದ್ದನೆಯ ಗೇರ್ ಕೇಬಲ್ಲುಗಳನ್ನು ತಿರುವಿ ಮುರುವಿ ಆ ಹಿಡಿಗೆ ಜೋಡಿಸಿದರು. ಆಮೇಲೆ ನಡೆದದ್ದಕ್ಕೆಲ್ಲ ನನ್ನ ಆ ಹಟವೇ ಮೊದಲು.

ಗೇರ್ ಕೇಬಲ್ ಎಂದರೆ ಸೈಕಲ್ಲಿನ ಬ್ರೇಕ್ ವೈರಿನ ದೊಡ್ಡಣ್ಣ. ಒಳಗೆ ತಂತಿ, ತಂತಿ ಸರಾಗ ಜಾರಲೆಂದು ಸುತ್ತ ಪ್ಲಾಸ್ಟಿಕ್ಕಿನ ನಳಿಕೆ, ಹೊರಗೆ ರಬ್ಬರಿನ ಹೊದಿಕೆ. ವ್ಯಾನಿನಲ್ಲಿ ಅದಕ್ಕೆ ಬೇಕಾದಷ್ಟು ಜಾಗವಿತ್ತು. ನಮ್ಮ ಕಾರಿನಲ್ಲಿ ಹೊಗೆ ಹೋಗುವ ಪೈಪಿನ ಮಗ್ಗುಲಲ್ಲೇ, ಎರಡು ಬೆರಳ ಅಂತರದಲ್ಲಿ ಅವು ಹಾಯಬೇಕಾಯಿತು. ಮೊದಲ ತಿಂಗಳು ಏನೂ ತಿಳಿಯಲಿಲ್ಲ. ಕಣಗಲಾದಲ್ಲಿ ಶಾಂತಾಳ ಕಡೆಯವರ ನಿಶ್ಚಿತಾರ್ಥ ಮುಗಿಸಿ ಮಧ್ಯಾಹ್ನ ಹೊರಟೆವು. ಹೆದ್ದಾರಿಗೆ ಬಂದು ಎರಡನೆಯ ಗೇರಿಗೆ ಹಾಕಿದ್ದಷ್ಟೇ, ಹಿಡಿ ಅಲ್ಲಿಂದ ಅಲುಗಲಿಲ್ಲ. ಹುಕ್ಕೇರಿಯವರೆಗೂ ಎರಡನೆಯ ಗೇರಿನಲ್ಲೇ ಬಂದೆವು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಡ್ರೈವರ್ ತಿರುಗಿ ನೋಡಿ ಕೈ ಬೀಸಿದ. ಹಿಂದಿನ ಸೀಟಿನಿಂದ ನಮ್ಮ ಅತ್ತೆ, "ಇದಕ್ಕಿಂತ ಚಕ್ಕಡಿ ಚಲೋ ಇತ್ತು. ಗಾಳಿಯರೆ ಬರ್ತಿತ್ತು," ಎಂದರು.

ಸುದ್ದಿ ಮುಟ್ಟಿಸಿದಾಗ ಮೌಲಾಸಾಬ ಯಾರದೋ ಮೋಟಾರ್ ಸೈಕಲ್ ಇಸಿದುಕೊಂಡು ಹುಕ್ಕೇರಿಗೇ ಬಂದರು. ಕೇಬಲ್ ಬಿಚ್ಚಿ, ಸೀಳಿ, ಕರಗಿ ಗಂಟುಕಟ್ಟಿದ್ದ ಪ್ಲಾಸ್ಟಿಕ್ಕನ್ನು ನನ್ನ ಅಂಗೈ ಮೇಲಿಟ್ಟರು.

"ನೋಡ್ರಿ ಸರ, ಒಳಗ ಬೆಂದ ಹೋಗೇತಿ. ಪೈಪಿನ ಝಳಾ ಬಡದ ಬಡದ ಹಿಂಗಾಗೇತಿ."

"ಹೊಸಾದ ಹಾಕಿದ್ರ?"

"ಹೊಸಾದೂ ಹಿಂಗ ಅಕ್ಕೈತ್ರಿ. ಝಳಾ ತಡದ್ರ ಅಷ್ಟ ಉಳೀತೈತಿ."

ಝಳ ತಡೆಯಲು ಅವರು ಮಾಡದ ಉಪಾಯವಿಲ್ಲ. ಹೊಸ ಕೇಬಲ್ ಹಾಕಿ, ಅದನ್ನು ಆಚೆ ಎಳೆದು ತಂತಿಯಿಂದ ಕಟ್ಟಿದರು. ಹಾದಿಯ ಕುಲುಕಿಗೆ ಅದು ಮತ್ತೆ ಪೈಪಿನ ಹತ್ತಿರವೇ ಬಂತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ನಡುವೆ ಅಡ್ಡ ಕೂರಿಸಿದರು. ಝಳ ಅರ್ಧ ತಗ್ಗಿತು, ಆದರೆ ಕಾರು ಹಲಗೆ ಬಾರಿಸುತ್ತ ಹೋಗುವಂತಾಯಿತು. ಆಗ ನನ್ನೊಳಗಿನ ವಿಜ್ಞಾನದ ಮಾಸ್ತರ ಎಚ್ಚೆತ್ತ. ಮೂಡಲಗಿಯಲ್ಲಿ ಹಳೆಯ ಎಣ್ಣೆ ಗಿರಣಿಯೊಂದು ಮುಚ್ಚಿ ಸಾಮಾನು ಹರಾಜಾಗುತ್ತಿತ್ತು. ಬಾಯ್ಲರಿನ ಉಗಿ ಪೈಪುಗಳಿಗೆ ಸುತ್ತುವ ಬಿಳಿ ಹಗ್ಗದ ಸುರುಳಿಗಳು ಅಲ್ಲಿ ಒಂದು ಚೀಲದ ತುಂಬ ಬಿದ್ದಿದ್ದವು. ಕಲ್ನಾರಿನ, ಅಂದರೆ ಅಸ್ಬೆಸ್ಟಾಸಿನ ಹಗ್ಗ. ಬೆಂಕಿಗೆ ಸುಡದ, ಉಷ್ಣವನ್ನು ಹಾಯಗೊಡದ ವಸ್ತುವೆಂದು ವರ್ಷಾ ವರ್ಷಾ ಮಕ್ಕಳಿಗೆ ಹೇಳುತ್ತಿದ್ದವನು ನಾನೇ. ಚೀಲವನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದು ಮೌಲಾಸಾಬರಿಗೆ ಉಡುಗೊರೆಯಾಗಿ ಕೊಟ್ಟೆ. ಕೊಡುವಾಗ ಉಷ್ಣವಹನದ ಮೇಲೆ ಸಣ್ಣದೊಂದು ಪಾಠವನ್ನೂ ಮಾಡಿದೆ.

ಹಗ್ಗ ಬಿರುಸಾಗಿತ್ತು. ಅವರು ಅದರ ಎಳೆಗಳನ್ನು ಬಿಚ್ಚಿ, ಕಲ್ಲಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಮೆತ್ತಗೆ ಮಾಡಿ, ಕಾರಿನ ಕೆಳಗೆ ಅಂಗಾತ ಮಲಗಿ ಪೈಪಿಗೆ ಬಿಗಿಯಾಗಿ ಸುತ್ತಿದರು. ಹೊರಗೆ ಬಂದಾಗ ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು.

"ಮಿಸ್ತ್ರಿ, ಒಂದ ದಿನದಾಗ ಮುದುಕರಾದ್ರೆಲ್ಲ," ಎಂದೆ.

"ಹೆಣ್ಣ ಕೊಟ್ಟ ಮಾವನಂಗ ಕಾಣಾಕತ್ತೇನೇನ್ರಿ?" ಎಂದು ಅವರು ಮೀಸೆ ಕೊಡವಿದರು. ಬಿಳಿ ಧೂಳು ಬಿಸಿಲಿನಲ್ಲಿ ಬಹಳ ಹೊತ್ತು ತೇಲುತ್ತಿತ್ತು. ಇಬ್ಬರೂ ನಕ್ಕೆವು.

ಕೇಬಲ್ ಮತ್ತೆ ಕರಗಲಿಲ್ಲ. ಟೆಂಪೋದವರು, ಟ್ರ್ಯಾಕ್ಟರಿನವರು ಒಬ್ಬರಿಂದ ಒಬ್ಬರು ಕೇಳಿ ಬಂದರು. ಹುಕ್ಕೇರಿ ಕಡೆಯ ಗಾಡಿಗಳೂ ಬಂದವು. ಗ್ಯಾರೇಜಿನಲ್ಲಿ ಅದಕ್ಕೆ ಗಿರಣಿ ಹಗ್ಗ ಎಂದೇ ಹೆಸರು. ನನ್ನ ಚೀಲ ಮುಗಿದ ಮೇಲೆ ಮೌಲಾಸಾಬ ತಾವೇ ಬೆಳಗಾವಿಯಿಂದ ತರಿಸತೊಡಗಿದರು. ಮಳೆಗಾಲದಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ ಹಗ್ಗ ಪುಡಿಯಾಗುತ್ತಿತ್ತು. ವರ್ಷಕ್ಕೊಮ್ಮೆ ಹಳೆಯದನ್ನು ಕೆರೆದು ತೆಗೆದು ಹೊಸದನ್ನು ಸುತ್ತಬೇಕು. ಕೆರೆಯುವಾಗ ಧೂಳು ಇನ್ನೂ ಹೆಚ್ಚು. ಬಂದ ಗಿರಾಕಿಗಳಿಗೆಲ್ಲ ಅವರು ನನ್ನನ್ನು ತೋರಿಸಿ, "ಇದು ಸರ ಕಲಿಸಿದ ವಿದ್ಯಾ," ಎನ್ನುತ್ತಿದ್ದರು. ನಾನು ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದೆ.

ಹೀಗೆ ಐದಾರು ವರ್ಷ ಕಳೆದಿರಬೇಕು. ವಿಜ್ಞಾನದ ಶಿಕ್ಷಕರಿಗೆ ಒಂದು ತರಬೇತಿಯಾಯಿತು. ಪ್ರಯೋಗಶಾಲೆಯಲ್ಲಿ ಬರ್ನರಿನ ಮೇಲೆ ಇಡುವ ತಂತಿಯ ಜಾಲರಿ ನಿಮಗೆ ನೆನಪಿರಬಹುದು, ನಡುವೆ ಬಿಳಿಯ ಬಿಲ್ಲೆ ಇರುವುದು. ಆ ಬಿಲ್ಲೆ ಕಲ್ನಾರಿನದು, ಅದರ ಧೂಳು ಪುಪ್ಪುಸದಲ್ಲಿ ಕುಳಿತರೆ ಮತ್ತೆ ಹೊರಬರುವುದಿಲ್ಲ, ಇಪ್ಪತ್ತು ಮೂವತ್ತು ವರ್ಷದ ಮೇಲೂ ರೋಗ ಎದ್ದೀತು, ಆದ್ದರಿಂದ ಅಂಥ ಜಾಲರಿಗಳನ್ನು ಬಳಸಬೇಡಿ ಎಂದು ಅಲ್ಲಿ ಹೇಳಿದರು. ನಾನು ಮರುದಿನವೇ ಎಲ್ಲ ಜಾಲರಿಗಳನ್ನೂ ಒದ್ದೆ ಅರಿವೆಯಲ್ಲಿ ಸುತ್ತಿ ಶಾಲೆಯ ಹಿಂದೆ ಆಳವಾಗಿ ಹೂಳಿಸಿದೆ. ಏಕೆಂದು ಎಂಟನೆಯ ತರಗತಿಯ ಮಕ್ಕಳಿಗೆ ವಿವರಿಸಿ ಹೇಳಿದೆ. ಮೊದಲ ಬೆಂಚಿನಲ್ಲಿ ಮೌಲಾಸಾಬರ ಮಗಳು ಶಮೀಮ ಕುಳಿತಿದ್ದಳು. ಪರೀಕ್ಷೆಯಲ್ಲಿ, ಕಲ್ನಾರಿನ ಧೂಳಿನಿಂದ ಯಾವ ಅಂಗಕ್ಕೆ ಹಾನಿ ಎಂಬ ಪ್ರಶ್ನೆ ಹಾಕಿದೆ. ಅವಳು ಸರಿಯಾಗಿಯೇ ಬರೆದಿದ್ದಳು.

ಮೌಲಾಸಾಬರಿಗೆ ಹೇಳಬೇಕೆಂದು ಅದೇ ವಾರ ಸೈಕಲ್ ಹತ್ತಿ ಹೋದೆ. ಅವರು ಒಂದು ಟೆಂಪೋದ ಕೆಳಗಿದ್ದರು. ಹಳೆಯ ಹಗ್ಗ ಕೆರೆಯುವ ಸದ್ದು ಕೇಳುತ್ತಿತ್ತು. ನನ್ನ ಚಪ್ಪಲಿ ಕಂಡು ಹೊರಗೆ ತೆವಳಿ ಬಂದು, ಬಿಳಿ ಮೀಸೆಯಲ್ಲಿ ನಕ್ಕು, "ಬರ್ರಿ ಸರ, ಚಾ ಹೇಳ್ಲೇನ್ರಿ?" ಎಂದರು. ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ನಿಂತೆ. ನಾನು ಕೊಟ್ಟ ಉಡುಗೊರೆ ವಿಷ ಎಂದು ಹೇಳಬೇಕು. ನನ್ನ ಹೆಸರು ಹೇಳಿ ಅವರು ಬೆಳೆಸಿಕೊಂಡ ಕೆಲಸವನ್ನು ಬಿಡಿ ಎನ್ನಬೇಕು. ಅಲ್ಲದೆ ಮುಂದಿನ ವಾರ ನನ್ನ ಕಾರಿಗೂ ಹೊಸ ಹಗ್ಗ ಸುತ್ತುವುದಿತ್ತು, ಶಾಂತಾಳ ತವರಿಗೆ ಹೋಗುವುದಿತ್ತು. ಇಂದು ಬೇಡ, ಸಮಾಧಾನದಿಂದ ಒಂದು ದಿನ ಕುಳಿತು ಹೇಳೋಣ ಅಂದುಕೊಂಡೆ. ಚಹಾ ಕುಡಿದು ಬಂದೆ.

ಆ ಒಂದು ದಿನ ಬರಲೇ ಇಲ್ಲ. ನಾಲ್ಕು ಹೆಜ್ಜೆ ನಡೆದರೆ ಹೇಳಿಬಿಡಬಹುದಾಗಿದ್ದ ಮಾತು ವರ್ಷ ಕಳೆದಂತೆ ಹೇಳಲಾಗದ ಮಾತಾಯಿತು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದರೆ ಏನನ್ನಲಿ ಎಂಬ ಚಿಂತೆಯೂ ಅದಕ್ಕೆ ಕೂಡಿಕೊಂಡಿತು. ಇನ್ನೊಂದು ಮಾತು ಬರೆಯದೆ ಮುಂದೆ ಹೋಗುವಂತಿಲ್ಲ. ಅಂದಿನಿಂದ ನನ್ನ ಕಾರಿಗೆ ಹಗ್ಗ ಸುತ್ತುವಾಗ ನಾನು ರಸ್ತೆಯಾಚೆಯ ಚಹಾದಂಗಡಿಯಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು ಕುಳಿತಿರುತ್ತಿದ್ದೆ. ಧೂಳು ಆಗುವುದಿಲ್ಲ, ಅಲರ್ಜಿ ಎನ್ನುತ್ತಿದ್ದೆ. ಮೌಲಾಸಾಬ ಅದನ್ನು ನಂಬಿ, ನಾನು ಹತ್ತಿರ ಬಂದಾಗಲೆಲ್ಲ, "ದೂರ ನಿಂದರ್ರಿ ಸರ, ಧೂಳಿ ಐತಿ," ಎಂದು ತಾವೇ ಎಚ್ಚರಿಸುತ್ತಿದ್ದರು.

ಶಮೀಮ ಓದಿ ಹುಕ್ಕೇರಿ ತಾಲೂಕಿನ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕಿಯಾದಳು. ನಿಡಸೋಸಿಗೆ ಮದುವೆ ಮಾಡಿಕೊಟ್ಟರು. ನಾನು ನಿವೃತ್ತನಾದೆ. ಕಾರು ವಾರಕ್ಕೊಮ್ಮೆ ಹೊರಗೆ ಬರುವಂತಾಯಿತು, ಆಮೇಲೆ ತಿಂಗಳಿಗೊಮ್ಮೆ. ಮೌಲಾಸಾಬರಿಗೆ ಕೆಮ್ಮು ಹತ್ತಿತು. ಊರಿನ ಡಾಕ್ಟರು ಮೊದಲು ಬೀಡಿಯ ಕೆಮ್ಮು ಅಂದರು. ಮಿಸ್ತ್ರಿ ಬೀಡಿ ಸೇದುತ್ತಿರಲಿಲ್ಲ. ಆಮೇಲೆ ಕ್ಷಯ ಇರಬಹುದೆಂದು ತಿಂಗಳುಗಟ್ಟಲೆ ಗುಳಿಗೆ ನುಂಗಿಸಿದರು. ಗಾಡಿಯ ಕೆಳಗೆ ಮಲಗಿದವರು ಏಳಲಾಗದೆ ಅಲ್ಲೇ ಏದುಸಿರು ಬಿಡುವಂತಾದಾಗ ಶಮೀಮ ಬಂದು ಬೆಳಗಾವಿಗೆ ಕರೆದೊಯ್ದಳು. ಅಲ್ಲಿಂದ ನನಗೆ ಫೋನ್ ಮಾಡಿದಳು.

"ಸರ, ಇಲ್ಲಿ ಡಾಕ್ಟರು ಅಬ್ಬಾನ ಕೆಲಸದ್ದ ಕೇಳಾಕತ್ತಾರ್ರಿ. ಅಸ್ಬೆಸ್ಟಾಸ್ ಧೂಳ್ಯಾಗ ಕೆಲಸಾ ಮಾಡ್ಯಾರೇನ ಅಂತ. ಗಿರಣಿ ಹಗ್ಗ ಅಂದ್ರ ಅದ ಏನ್ರಿ?"

"ಅದ ಐತಿ," ಎಂದೆ.

ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಮಂಚದ ಬಾಜೂ ಆಕ್ಸಿಜನ್ನಿನ ಯಂತ್ರ ಗುರುಗುಡುತ್ತಿತ್ತು. ಮೌಲಾಸಾಬ ದಿಂಬಿಗೊರಗಿ ಕುಳಿತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೀಸೆ ಈಗ ನಿಜಕ್ಕೂ ಬೆಳ್ಳಗಾಗಿತ್ತು. ಶಮೀಮ ನನಗೆ ಕುರ್ಚಿ ಹಾಕಿ, ಮುಂದೆ ನಿಂತು ಕೇಳಿದಳು.

"ಸರ, ಆ ಹಗ್ಗ ಅಪಾಯ ಅಂತ ನಿಮಗ ಆವಾಗ ಗೊತ್ತಿತ್ತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮೌಲಾಸಾಬ ಕೈ ಎತ್ತಿದರು. "ಗೊತ್ತಿತ್ತವಾ. ಸರ ಹೇಳಿದ್ರು ನನಗ. ಎರಡ ಸಲ ಹೇಳಿದ್ರು. ನಾನ ಕೇಳಲಿಲ್ಲ."

ಶಮೀಮ ತಂದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಹುಸೇನಬಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರ ಮಾತು ಕೇಳ್ಯಾರ ಇವರು," ಎಂದರು. ತಾಯಿ ಮಗಳು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದೆ.

"ಮಿಸ್ತ್ರಿ, ನಾ ಯಾವಾಗ ಹೇಳಿದ್ನಿ?"

ಅವರು ಉಸಿರು ಕೂಡಿಸಿಕೊಂಡು, ತುಸು ತುಸುವಾಗಿ ಆಡಿದರು. "ಒಂದಿನಾ ಸೈಕಲ್ ಹಿಡಕೊಂಡ ನಿಂತಿದ್ರೆಲ್ಲ... ಏನೋ ಹೇಳಾಕ ಬಂದೀರಿ ಅಂತ ಆವಾಗ ತಿಳೀತು. ಆಮ್ಯಾಲ ಮೂಗಿಗಿ ವಸ್ತ್ರಾ ಹಿಡಿಯಾಕ ಚಾಲೂ ಮಾಡಿದ್ರಿ... ನನಗ ತಿಳೀದ ಇರ್ತೈತೇನ್ರಿ? ಕೇಳಿದ್ರ ನೀವು ಹೇಳ್ತಿದ್ರಿ. ಹೇಳಿದ್ರ ಕೆಲಸಾ ಬಿಡಬೇಕಾಕ್ಕಿತ್ತು. ಅದಕ್ಕ ಕೇಳಲಿಲ್ಲ."

"ಮತ್ತ ಶಮೀಮಗ ಯಾಕ ಹಂಗ ಹೇಳಿದ್ರಿ?"

"ನಿಮ್ಮ ಕೈಯಾಗ ಕಲತಾಳ್ರಿ ಆಕಿ. ಇರ್ಲಿ ಬಿಡ್ರಿ."

ಅದರ ಮೇಲೆ ಅವರು ಮೂರು ವಾರ ಬದುಕಿದ್ದರು. ನಾನು ದಿನವೂ ಹೋದೆ. ದಿನವೂ ಹುಸೇನಬಿ ಚಹಾ ಕೊಟ್ಟರು, ದಿನವೂ ಕುಡಿದೆ. ಅವರನ್ನು ಮಣ್ಣು ಮಾಡಿದ ದಿನ ಟೆಂಪೋದವರು, ಟ್ರ್ಯಾಕ್ಟರಿನವರು ರಸ್ತೆಯ ತುಂಬ ಗಾಡಿ ನಿಲ್ಲಿಸಿ ನಡೆದುಕೊಂಡು ಬಂದಿದ್ದರು.

ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಶಮೀಮ ನನ್ನನ್ನು ಕರೆದಿದ್ದಳು. ಜನ ಉಂಡು ಚದುರಿದ ಮೇಲೆ ನಾವಿಬ್ಬರೂ ಮುಚ್ಚಿದ ಗ್ಯಾರೇಜಿನ ಮುಂದೆ ಕುಳಿತೆವು. ಅವಳು ನೆಲ ನೋಡುತ್ತ ಹೇಳತೊಡಗಿದಳು.

"ನೀವರೆ ಅಬ್ಬಾಗ ಹೇಳಿದ್ರಿ ಸರ. ನಾ ಹೇಳಲಿಲ್ಲ. ನೀವು ಸಾಲ್ಯಾಗ ಕಲಿಸಿದ್ರಿ, ಪರೀಕ್ಷಾದಾಗ ಬರದೆ. ಮನೀಗಿ ಬಂದ್ರ ಅದ ಹಗ್ಗ ಅಂಗಳದಾಗ ಬಿದ್ದಿರ್ತಿತ್ತು. ಅದರ ಜೋಡಿ ಆಡೇನಿ. ಕಲ್ನಾರು ಅಂದ್ರ ಅದ ಅಂತ ನನಗ ಹೊಳೀಲಿಲ್ಲ. ಹೊಳದಿದ್ರ ಬಡದಾಡಿ ಬಿಡಿಸ್ತಿದ್ದೆ. ರಾತ್ರಿ ನಿದ್ದಿ ಬರವಲ್ದು ಸರ. ಕಲತೂ ಏನ ಮಾಡಿದೆ ಅನಸ್ತೈತಿ."

ಅಲ್ಲಿಯವರೆಗೆ ನಾನು ಸುಮ್ಮನಿರಬಹುದೆಂದೇ ತಿಳಿದಿದ್ದೆ. ಆ ಮಾತು ಕೇಳಿದ ಮೇಲೆ ಆಗಲಿಲ್ಲ.

"ಶಮೀಮ, ನಾ ನಿಮ್ಮ ಅಬ್ಬಾಗ ಹೇಳಿದ್ದಿಲ್ಲ," ಎಂದೆ. "ಒಮ್ಮೆನೂ ಹೇಳಿದ್ದಿಲ್ಲ. ಅವರು ನನ್ನ ಸಲುವಾಗಿ ಸುಳ್ಳ ಹೇಳಿದ್ರು. ನಿನಗ ಹೊಳೀದ ಇದ್ದದ್ದು ತಪ್ಪಲ್ಲ. ನೀ ಎಂಟನೇ ಇಯತ್ತೆದ ಹುಡುಗಿ. ನನಗ ಗೊತ್ತಿತ್ತು."

ಅವಳು ತಲೆ ಎತ್ತಿದಳು. "ಎಷ್ಟ ವರ್ಷ ಗೊತ್ತಿತ್ರಿ?"

"ನಿಮಗ ಕಲಿಸಿದ ದಿನದಿಂದ."

ಅವಳು ಬೆರಳ ಮೇಲೆ ಎಣಿಸಲಿಲ್ಲ. ಗಣಿತದವಳು, ಕಣ್ಣಿನಲ್ಲೇ ಎಣಿಸಿದಳು. ಅವಳು ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವಳು ಬೈಯಲಿಲ್ಲ. ಎದ್ದು ನಿಂತು, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು.

"ಅಮ್ಮಗ ಇದನ್ನ ಹೇಳಬ್ಯಾಡ್ರಿ. ಅಬ್ಬಾ ಹೇಳಿದ್ದನ್ನ ಆಕಿ ನಂಬ್ಯಾಳ. ನಂಬಿರ್ಲಿ," ಎಂದಳು. ತುಸು ತಡೆದು, "ಇಂದ ಊಟಾ ಮಾಡಿ ಹೋಗ್ರಿ ಸರ. ಇನ್ನಮ್ಯಾಲ ಬರಬ್ಯಾಡ್ರಿ."

ನಾನು ಚಪ್ಪಲಿ ಮೆಟ್ಟಲು ಹೊರಟಿದ್ದೆ. ಅಷ್ಟರಲ್ಲಿ ಹುಸೇನಬಿ ಒಳಗಿನಿಂದ ತಾಟು ಹಿಡಿದುಕೊಂಡು ಬಂದರು. ಅನ್ನ, ಬೇಳೆ ಸಾರು, ಗೋಧಿ ಹುಗ್ಗಿ.

"ಎಲ್ಲಿ ಹೊಂಟ್ರಿ ಸರ? ನೀವು ಮಾಂಸಾ ತಿನ್ನಂಗಿಲ್ಲಂತ ಬ್ಯಾರೆ ಒಲಿ ಮ್ಯಾಲ, ಬ್ಯಾರೆ ಭಾಂಡ್ಯಾದಾಗ ಮಾಡೇನ್ರಿ," ಎಂದರು. ಚಾಪೆ ಹಾಸಿ ತಾಟನ್ನು ಮುಂದಿಟ್ಟು, ಎದುರಿಗೆ ಕುಳಿತರು. "ಇಷ್ಟ ಮಂದಿ ಗಾಡಿ ತಂದ್ರು, ಹೋದ್ರು. ಅವರ ಜೀವದ ಕಾಳಜಿ ಮಾಡಿ ಹೇಳಿದವರು ನೀವೊಬ್ಬರ ನೋಡ್ರಿ. ಉಣ್ರಿ."

ಶಮೀಮ ಗೋಡೆಗೆ ಒರಗಿ ನಿಂತಿದ್ದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಬಲಗಡೆಗೆ ಇಟ್ಟಳು. ನಾನು ಕೈ ತೊಳೆದುಕೊಂಡು ಉಂಡೆ. ಹುಸೇನಬಿ ಮತ್ತೊಮ್ಮೆ ಹುಗ್ಗಿ ಬಡಿಸಿದರು. ಬೇಡ ಎನ್ನಲಿಲ್ಲ. ತಾಟಿನಲ್ಲಿ ಒಂದು ಅಗುಳೂ ಬಿಡದೆ ಉಂಡೆ.